ಉಯಿಲಿನಲ್ಲಿ ಈ ಒಂದು ಸಾಲಿದ್ದರೆ ಮಕ್ಕಳು ಕೋರ್ಟಿಗೆ ಹೋಗುವಂತೆಯೇ ಇಲ್ಲವೇ?

"ನಿಮ್ಮ ಉಯಿಲಿನ ಕೊನೆಗೆ ಈ ಒಂದು ಸಾಲು ಸೇರಿಸಿ. 'ಈ ಉಯಿಲನ್ನು ಪ್ರಶ್ನಿಸಿ ಯಾರಾದರೂ ಕೋರ್ಟಿಗೆ ಹೋದರೆ ಅವರಿಗೆ ಕೊಟ್ಟ ಆಸ್ತಿ ರದ್ದಾಗುತ್ತದೆ.' ಇಷ್ಟು ಬರೆದರೆ ಸಾಕು, ನಿಮ್ಮ ನಂತರ ಮಕ್ಕಳು ಕೋರ್ಟ್ ಮೆಟ್ಟಿಲು ಹತ್ತುವಂತಿಲ್ಲ. ಇದು ಕಾನೂನು. ಎಲ್ಲ ಹಿರಿಯರಿಗೂ ತಲುಪಿಸಿ."

ಈ ಫಾರ್ವರ್ಡನ್ನು ನಮಗೆ ಕಳುಹಿಸಿದವರು ತುಮಕೂರು ಕಡೆಯ ಒಬ್ಬ ಓದುಗರು. ಅದರ ಜೊತೆಗೆ ಅವರು ಬರೆದಿದ್ದ ಪ್ರಶ್ನೆ ಮಾತ್ರ ನಾವು ಸಾಮಾನ್ಯವಾಗಿ ಪಡೆಯುವ "ಇದು ನಿಜವೇ?" ಎಂಬಂಥದ್ದಾಗಿರಲಿಲ್ಲ. ಅವರ ತಂದೆ ತೀರಿಕೊಂಡು ಹದಿಮೂರು ದಿನ ಕಳೆದಿತ್ತು. ವೈಕುಂಠ ಸಮಾರಾಧನೆ ಮುಗಿದ ಸಂಜೆ, ಅಪ್ಪ ಉಯಿಲು ಬರೆದಿದ್ದಾರೆ ಎಂದು ಅಣ್ಣ ತಿಳಿಸಿದರು. ಊರಿನ ಮನೆ ಮತ್ತು ಆರು ಎಕರೆ ಜಮೀನು ಅಣ್ಣನಿಗೆ, ಊರಾಚೆಯ ಒಂದು ಸೈಟು ತಂಗಿಗೆ. ಕೊನೆಯಲ್ಲಿ ಮೇಲಿನಂಥದ್ದೇ ಒಂದು ಸಾಲು. ಮರುದಿನ ಮನೆಯ ವಾಟ್ಸಾಪ್ ಗ್ರೂಪಿಗೆ ಈ ಫಾರ್ವರ್ಡ್ ಬಂತು. ಹಾಕಿದವರು ಚಿಕ್ಕಪ್ಪ.

ಓದುಗರ ಪ್ರಶ್ನೆ ಇಷ್ಟೇ: "ಉಯಿಲಿನ ಕಾಪಿ ತೋರಿಸಿ ಅಂತ ಕೇಳಿದರೂ ನನ್ನ ಸೈಟು ಹೋಗುತ್ತಾ ಮೇಡಂ?"

ಅವರು ಕೋರ್ಟಿಗೆ ಹೋಗುವ ಮಾತನ್ನೇ ಆಡಿರಲಿಲ್ಲ. ಅಪ್ಪ ಏನು ಬರೆದಿದ್ದಾರೆ ಎಂದು ಕಣ್ಣಾರೆ ನೋಡುವುದಕ್ಕೂ ಹೆದರಿದ್ದರು. ಹಾಗಾಗಿ ಈ ಲೇಖನ.

ಚಿಕ್ಕ ಉತ್ತರ

ಸಂದೇಶದಲ್ಲಿ ಕಾಲು ಭಾಗ ನಿಜವಿದೆ, ಮುಕ್ಕಾಲು ಭಾಗ ತಪ್ಪಿದೆ.

ನಿಜವೇನೆಂದರೆ, ಉಯಿಲಿನಲ್ಲಿ ಷರತ್ತು ಹಾಕಿ ಆಸ್ತಿ ಕೊಡಬಹುದು. ಷರತ್ತು ಮುರಿದರೆ ಕೊಟ್ಟದ್ದು ನಿಂತುಹೋಗುತ್ತದೆ ಎಂದೂ ಬರೆಯಬಹುದು. ತಪ್ಪೇನೆಂದರೆ, ಆ ಸಾಲಿನಿಂದ ಯಾರ ಕೋರ್ಟ್ ಬಾಗಿಲೂ ಮುಚ್ಚುವುದಿಲ್ಲ. ಸುಳ್ಳು ಉಯಿಲು ನಿಜವಾಗುವುದಿಲ್ಲ. ತನ್ನದಲ್ಲದ ಆಸ್ತಿ ತನ್ನದಾಗುವುದಿಲ್ಲ. ಇನ್ನು ಕಾಪಿ ಕೇಳಿದ್ದಕ್ಕೆ ಸೈಟು ಹೋಗುವ ಮಾತೇ ಇಲ್ಲ.

ಈಗ ಒಂದೊಂದಾಗಿ ನೋಡೋಣ.

ಈ ಸಾಲು ಬಂದದ್ದು ಎಲ್ಲಿಂದ?

ಇಂಗ್ಲೆಂಡ್ ಮತ್ತು ಅಮೆರಿಕದ ಉಯಿಲುಗಳಲ್ಲಿ ಇದು ಹಳೆಯ ರೂಢಿ. ಅಲ್ಲಿ ಇದನ್ನು ನೋ-ಕಂಟೆಸ್ಟ್ ಕ್ಲಾಸ್ ಎನ್ನುತ್ತಾರೆ. ತಕರಾರು ಮಾಡಬಾರದೆಂಬ ಷರತ್ತು ಎಂದು ನಾವು ಹೇಳಬಹುದು. ವಕೀಲರ ಭಾಷೆಯಲ್ಲಿ ಇದಕ್ಕೆ ಇನ್ ಟೆರೋರೆಮ್ ಎಂಬ ಲ್ಯಾಟಿನ್ ಹೆಸರೂ ಇದೆ. ಅರ್ಥ, ಹೆದರಿಸಲು ಇಟ್ಟದ್ದು. ಹೊಲದಲ್ಲಿ ನಿಲ್ಲಿಸುವ ಬೆದರುಬೊಂಬೆಯಂತೆ ಎಂದುಕೊಳ್ಳಿ. ಹಕ್ಕಿ ಹೆದರಿದರೆ ಅದರ ಕೆಲಸ ಆಯಿತು.

ಆದರೆ ಈ ಬೊಂಬೆಯನ್ನು ಎಷ್ಟು ನಂಬಬೇಕು ಎಂಬುದರಲ್ಲಿ ಅಮೆರಿಕದ ರಾಜ್ಯಗಳಲ್ಲೇ ಒಮ್ಮತವಿಲ್ಲ. ಫ್ಲಾರಿಡಾದಲ್ಲಿ ಇಂಥ ಷರತ್ತಿಗೆ ಬೆಲೆಯೇ ಇಲ್ಲ, ಕಾನೂನೇ ಅದನ್ನು ಜಾರಿ ಮಾಡಲಾಗದು ಎಂದಿದೆ. ಕ್ಯಾಲಿಫೋರ್ನಿಯಾದಲ್ಲಿ 2010ರ ಜನವರಿ 1ರಿಂದ ಇರುವ ನಿಯಮದ ಪ್ರಕಾರ, ಉಯಿಲಿನ ಸಿಂಧುತ್ವವನ್ನೇ ಪ್ರಶ್ನಿಸಿದವರಿಗೆ ಸಮಂಜಸ ಕಾರಣ ಇದ್ದರೆ ಷರತ್ತು ಅವರನ್ನು ಮುಟ್ಟುವುದಿಲ್ಲ. ನ್ಯೂಜೆರ್ಸಿಯಲ್ಲೂ ಸಮಂಜಸ ಕಾರಣವೇ ಅಳತೆಗೋಲು. ಟೆಕ್ಸಾಸ್‌ನಲ್ಲಿ ನ್ಯಾಯವಾದ ಕಾರಣವೂ ಇರಬೇಕು, ಸದುದ್ದೇಶವೂ ಇರಬೇಕು. ನ್ಯೂಯಾರ್ಕ್ ಇವುಗಳಿಗಿಂತ ಬಿಗಿ. ಆದರೂ ಉಯಿಲು ನಕಲಿ ಎನ್ನಲು ಸಮಂಜಸ ಕಾರಣ ಇರುವವರಿಗೆ ಅಲ್ಲಿಯೂ ರಕ್ಷಣೆ ಇದೆ. ಅಲ್ಲಿ ನೆಲೆಸಿರುವ ಕನ್ನಡಿಗರು ಇಂಥ ಫಾರ್ವರ್ಡ್ ನಂಬಿ ಉಯಿಲು ಬರೆಯುವ ಮುನ್ನ ತಮ್ಮ ರಾಜ್ಯದ ನಿಯಮ ನೋಡಿಕೊಳ್ಳುವುದು ಒಳ್ಳೆಯದು.

ಅಂದರೆ ಈ ಷರತ್ತು ಹುಟ್ಟಿ ಬೆಳೆದ ದೇಶಗಳಲ್ಲೇ "ಒಂದು ಸಾಲು ಬರೆದರೆ ಸಾಕು" ಎಂಬ ಮಾತು ನಡೆಯುವುದಿಲ್ಲ.

ಭಾರತದ ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ ಉಯಿಲಿಗೆ ಮುಖ್ಯ ಕಾನೂನು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಲ್ಲಿ ನೋ-ಕಂಟೆಸ್ಟ್ ಎಂಬ ಹೆಸರಿನ ಸೆಕ್ಷನ್ ಇಲ್ಲ. ಹಾಗಾಗಿ "ಇದು ಕಾನೂನು" ಎಂದು ಫಾರ್ವರ್ಡ್ ಹೇಳುವಂಥ ನೇರ ನಿಯಮ ಯಾವುದೂ ಇಲ್ಲ.

ಇರುವುದು ಷರತ್ತಿನ ಮೇಲೆ ಕೊಡುವ ಆಸ್ತಿಯ ಸಾಮಾನ್ಯ ನಿಯಮಗಳು. ಸೆಕ್ಷನ್ 134ರ ಪ್ರಕಾರ, ಇಂಥ ಘಟನೆ ನಡೆದರೆ ಕೊಟ್ಟದ್ದು ನಿಂತುಹೋಗುತ್ತದೆ ಎಂದು ಉಯಿಲಿನಲ್ಲಿ ಬರೆಯಬಹುದು. ಕಾಯ್ದೆಯಲ್ಲೇ ಕೊಟ್ಟಿರುವ ಉದಾಹರಣೆ ಸರಳವಾಗಿದೆ: ಒಬ್ಬರಿಗೆ ಬದುಕಿರುವವರೆಗೆ ಅನುಭವಿಸಲು ಜಮೀನು ಕೊಟ್ಟು, ಅಲ್ಲಿನ ಒಂದು ಮರದ ತೋಪನ್ನು ಕಡಿದರೆ ಹಕ್ಕು ಹೋಗುತ್ತದೆ ಎಂದು ಬರೆದಿದ್ದರೆ, ಅವರು ಕಡಿದ ದಿನ ಹಕ್ಕು ಹೋಯಿತು. ಸೆಕ್ಷನ್ 131 ಮತ್ತು 132 ಇನ್ನೊಂದು ಬಗೆಯ ಷರತ್ತಿನ ಬಗ್ಗೆ ಹೇಳುತ್ತವೆ: ಹೀಗಾದರೆ ಆಸ್ತಿ ಇವರಿಂದ ಅವರಿಗೆ ಹೋಗಲಿ ಎಂಬಂಥದ್ದು. ಅಂಥಲ್ಲಿ ಷರತ್ತು ಚಾಚೂ ತಪ್ಪದೆ ಈಡೇರಿದರೆ ಮಾತ್ರ ಆಸ್ತಿ ಎರಡನೆಯವರಿಗೆ ಹೋಗುತ್ತದೆ.

ಇದಕ್ಕೆ ಮಿತಿಗಳೂ ಇವೆ. ಮಾಡಲಾಗದ ಕೆಲಸದ ಷರತ್ತು ಹಾಕಿ ಕೊಟ್ಟದ್ದು ಸೆಕ್ಷನ್ 126ರಡಿ ಅಸಿಂಧು. ಕಾನೂನಿಗೆ ಅಥವಾ ನೀತಿಗೆ ವಿರುದ್ಧವಾದ ಷರತ್ತು ಹಾಕಿ ಕೊಟ್ಟದ್ದು ಸೆಕ್ಷನ್ 127ರಡಿ ಅಸಿಂಧು.

ತಕರಾರು ಮಾಡಬಾರದೆಂಬ ಷರತ್ತು ನಮ್ಮಲ್ಲಿ ಈ ಸಾಮಾನ್ಯ ನಿಯಮಗಳ ಅಡಿಯಲ್ಲೇ ಪರೀಕ್ಷೆಗೆ ಒಳಗಾಗಬೇಕು. ಬರೆದ ಪದಗಳು ಏನು, ಆ ವ್ಯಕ್ತಿ ನಿಜಕ್ಕೂ ಏನು ಮಾಡಿದರು, ಯಾಕೆ ಮಾಡಿದರು ಎಂಬುದನ್ನು ನೋಡುವುದು ನ್ಯಾಯಾಲಯ. ಅಣ್ಣ ಅಲ್ಲ, ಚಿಕ್ಕಪ್ಪನೂ ಅಲ್ಲ. "ನೀನು ಬಾಯಿ ಬಿಟ್ಟೆ, ನಿನ್ನ ಪಾಲು ಹೋಯಿತು" ಎಂದು ಮನೆಯ ಜಗಲಿಯಲ್ಲಿ ಕುಳಿತು ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲ.

ಈ ಸಾಲಿನಿಂದ ಆಗದ ಐದು ಕೆಲಸಗಳು

1. ಏನೂ ಸಿಗದವರನ್ನು ಅದು ಕಟ್ಟಿಹಾಕದು. ಷರತ್ತಿನ ಶಕ್ತಿ ಇರುವುದು ಕಳೆದುಕೊಳ್ಳುವ ಭಯದಲ್ಲಿ. ಉಯಿಲಿನಲ್ಲಿ ಒಬ್ಬ ಮಗಳಿಗೆ ಏನೂ ಕೊಡದೆ, ಅಥವಾ ಹೆಸರಿಗೆ ಒಂದು ರೂಪಾಯಿ ಕೊಟ್ಟು, ಕೋರ್ಟಿಗೆ ಹೋದರೆ ಅದೂ ಇಲ್ಲ ಎಂದು ಬರೆದರೆ ಆಕೆ ಕಳೆದುಕೊಳ್ಳುವುದಾದರೂ ಏನು?

2. ನಕಲಿ ಉಯಿಲನ್ನು ಅದು ಉಳಿಸದು. ಈ ಸಾಲು ಉಯಿಲಿನ ಒಂದು ಭಾಗ. ಉಯಿಲೇ ಬಿದ್ದರೆ ಸಾಲೂ ಅದರ ಜೊತೆ ಬೀಳುತ್ತದೆ. ಸೆಕ್ಷನ್ 61ರ ಪ್ರಕಾರ ಮೋಸದಿಂದ, ಒತ್ತಾಯದಿಂದ, ಅಥವಾ ಬರೆಯುವವರ ಸ್ವಂತ ಇಚ್ಛೆಯನ್ನೇ ಕಸಿಯುವಷ್ಟು ಬೆನ್ನುಬಿದ್ದು ಕಾಡಿ ಬರೆಸಿಕೊಂಡ ಉಯಿಲು ಅಸಿಂಧು. ಮೋಸದಿಂದ ಬರೆಸಿದ ಉಯಿಲಿನೊಳಗೆ "ಮೋಸ ಎಂದು ಹೇಳಬೇಡಿ" ಎಂದು ಬರೆದುಕೊಂಡರೆ ಮೋಸ ಮಾಯವಾಗುವುದಿಲ್ಲ.

3. ಸಾಬೀತು ಮಾಡುವ ಹೊಣೆಯನ್ನು ಅದು ತಪ್ಪಿಸದು. ಸೆಕ್ಷನ್ 63ರ ಪ್ರಕಾರ ಉಯಿಲಿಗೆ ಬರೆದವರ ಸಹಿ ಅಥವಾ ಗುರುತು ಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಬರೆದವರು ಸಹಿ ಮಾಡಿದ್ದನ್ನು ಸಾಕ್ಷಿಗಳು ನೋಡಿರಬೇಕು, ಇಲ್ಲವೇ ಇದು ನನ್ನದೇ ಸಹಿ ಎಂದು ಬರೆದವರು ಅವರ ಬಳಿ ಒಪ್ಪಿಕೊಂಡಿರಬೇಕು. ಸಾಕ್ಷಿಗಳು ಬರೆದವರ ಎದುರಿನಲ್ಲೇ ಸಹಿ ಹಾಕಿರಬೇಕು. ಕೋರ್ಟಿನಲ್ಲಿ ಉಯಿಲನ್ನು ಮುಂದಿಡುವವರೇ ಇದನ್ನು ಸಾಬೀತು ಮಾಡಬೇಕು. ಸಾಕ್ಷಿಗಳಲ್ಲಿ ಯಾರಾದರೂ ಬದುಕಿದ್ದು ಬರುವ ಸ್ಥಿತಿಯಲ್ಲಿದ್ದರೆ ಒಬ್ಬರನ್ನಾದರೂ ಕರೆಸಿ ಹೇಳಿಸಲೇಬೇಕು.

4. ತನ್ನದಲ್ಲದ್ದನ್ನು ಹಂಚುವ ಹಕ್ಕನ್ನು ಅದು ಕೊಡದು. ಉಯಿಲು ಬರೆಯಬಹುದಾದದ್ದು ತನ್ನ ಸ್ವಯಾರ್ಜಿತಕ್ಕೆ ಮತ್ತು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತನ್ನ ಪಾಲಿಗೆ ಮಾತ್ರ. ಇದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇವೆ.

5. ಅವಲಂಬಿತರ ಜೀವನಾಂಶವನ್ನು ಅದು ಅಳಿಸದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಸೆಕ್ಷನ್ 22ರ ಪ್ರಕಾರ, ತೀರಿಕೊಂಡವರ ಅವಲಂಬಿತರಿಗೆ, ಉದಾಹರಣೆಗೆ ಹೆಂಡತಿ, ವಯಸ್ಸಾದ ತಂದೆ-ತಾಯಿ, ಮದುವೆಯಾಗದ ಮಗಳು, ಇವರಿಗೆ ಉಯಿಲಿನಿಂದಾಗಲಿ ವಾರಸಿನಿಂದಾಗಲಿ ಪಾಲು ಸಿಗದಿದ್ದರೆ, ಆಸ್ತಿ ಪಡೆದವರಿಂದ ಜೀವನಾಂಶ ಕೇಳುವ ಹಕ್ಕಿದೆ.

ಮುಸ್ಲಿಂ ಕುಟುಂಬಗಳಲ್ಲಿ ಮಿತಿ ಬೇರೆ ರೀತಿಯದು. ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಗೆ ಉಯಿಲು ಮಾಡಲು ವಾರಸುದಾರರ ಒಪ್ಪಿಗೆ ಬೇಕು. ಒಂದು ಸಾಲಿನಿಂದ ಆ ಒಪ್ಪಿಗೆ ಸಿಕ್ಕಂತಾಗುವುದಿಲ್ಲ.

ಮೈಸೂರಿನ ಒಂದು ಉಯಿಲು ಇಡೀ ದೇಶಕ್ಕೆ ಕಲಿಸಿದ್ದು

ಉಯಿಲಿನ ಯಾವುದೇ ವ್ಯಾಜ್ಯದಲ್ಲಿ ವಕೀಲರು ಇಂದಿಗೂ ಮೊದಲು ತೆಗೆಯುವ ತೀರ್ಪು ನಮ್ಮ ಮೈಸೂರು ಸೀಮೆಯದ್ದು. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಎಂಬ ಪ್ರಕರಣ. 1945ರಲ್ಲಿ ಬರೆದದ್ದು ಎನ್ನಲಾದ ಒಬ್ಬ ಮಹಿಳೆಯ ಉಯಿಲು ಅದರ ಕೇಂದ್ರ. ಮೈಸೂರು ಹೈಕೋರ್ಟ್ ಆ ಉಯಿಲನ್ನು ಒಪ್ಪಲಿಲ್ಲ. 1958ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು.

ಅಲ್ಲಿ ಹೇಳಿದ ತತ್ವ ಸಾಮಾನ್ಯ ಬುದ್ಧಿಗೆ ಹತ್ತಿರವಾದದ್ದು. ಬೇರೆ ದಾಖಲೆಗಳಲ್ಲಿ ಬರೆದವರನ್ನೇ ಕರೆದು ಕೇಳಬಹುದು. ಉಯಿಲಿನ ಮಾತು ಬರುವ ಹೊತ್ತಿಗೆ ಬರೆದವರು ಇರುವುದಿಲ್ಲ. ಆದ್ದರಿಂದ ಅನುಮಾನಕ್ಕೆ ಎಡೆಮಾಡುವ ಸಂಗತಿಗಳಿದ್ದರೆ, ಉಯಿಲನ್ನು ಮುಂದಿಟ್ಟವರೇ ಆ ಅನುಮಾನವನ್ನು ಪರಿಹರಿಸಬೇಕು. ಅಲುಗಾಡಿದ ಸಹಿ, ಬರೆದವರ ಮನಸ್ಸು ಆಗ ದುರ್ಬಲವಾಗಿದ್ದದ್ದು, ಕಾರಣವಿಲ್ಲದೆ ಹತ್ತಿರದವರನ್ನು ಬಿಟ್ಟ ಹಂಚಿಕೆ, ದೊಡ್ಡ ಲಾಭ ಪಡೆದವರೇ ಮುಂದೆ ನಿಂತು ಉಯಿಲು ಬರೆಸಿದ್ದು, ಇವೆಲ್ಲ ಅನುಮಾನದ ಸಂಗತಿಗಳು.

ಮಗಳಿಗೆ ಕಡಿಮೆ ಕೊಟ್ಟರೆ ಉಯಿಲು ಸುಳ್ಳು ಎಂದು ಇದರ ಅರ್ಥವಲ್ಲ. ಸ್ವಯಾರ್ಜಿತವನ್ನು ಯಾರಿಗೆ ಬೇಕಾದರೂ ಕೊಡುವ ಸ್ವಾತಂತ್ರ್ಯ ಬರೆಯುವವರಿಗೆ ಇದೆ, ಮಕ್ಕಳಿಗೆ ಸರಿಸಮ ಕೊಡಲೇಬೇಕೆಂಬ ನಿಯಮ ಹಿಂದೂ ಕುಟುಂಬಗಳಿಗಿಲ್ಲ. ಹಂಚಿಕೆ ಅಸಮ ಎಂಬುದೊಂದೇ ಉಯಿಲನ್ನು ಬೀಳಿಸುವುದಿಲ್ಲ. ಅದರ ಜೊತೆ ಬೇರೆ ಅನುಮಾನಗಳೂ ಸೇರಿದಾಗ ಪ್ರಶ್ನೆ ಗಟ್ಟಿಯಾಗುತ್ತದೆ.

ನೋಂದಣಿ ಆಗಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಉಯಿಲಿನ ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಆದರೆ ನೋಂದಣಿ ಆಗಿದೆ ಎಂಬ ಒಂದೇ ಕಾರಣಕ್ಕೆ ಉಯಿಲು ಪ್ರಶ್ನಾತೀತ ಆಗುವುದಿಲ್ಲ.

ನಮ್ಮ ಓದುಗರ ಆರು ಎಕರೆ: ಲೆಕ್ಕ ಹಾಕಿ ನೋಡೋಣ

ಈಗ ಮುಖ್ಯ ವಿಷಯಕ್ಕೆ ಬರೋಣ. ಇಲ್ಲಿ ಫಾರ್ವರ್ಡ್ ಹೇಳದ ಒಂದು ಸಂಗತಿ ಇದೆ. ಅದು ಹೆಣ್ಣುಮಕ್ಕಳ ಪರವೂ ಹೌದು, ಅವರಿಗೆ ಎಚ್ಚರಿಕೆಯೂ ಹೌದು.

ಆರು ಎಕರೆ ತಂದೆಯ ಸ್ವಯಾರ್ಜಿತವಾದರೆ ಅದನ್ನು ಪೂರ್ತಿ ಅಣ್ಣನಿಗೆ ಬರೆಯಬಹುದು. ಆದರೆ ಅದು ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಾದರೆ ಲೆಕ್ಕವೇ ಬೇರೆ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ, ಮದುವೆ ಆಗಿರಲಿ ಬಿಡಲಿ, ಎಲ್ಲ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ಆ ದಿನ ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿ ಪತ್ರದ ಮೂಲಕ ಅಥವಾ ಕೋರ್ಟ್ ಡಿಕ್ರಿಯ ಮೂಲಕ ಆಗಿರುವ ವಿಭಾಗಗಳನ್ನು ಈ ತಿದ್ದುಪಡಿ ಕೆದಕುವುದಿಲ್ಲ.

ಓದುಗರ ತಾಯಿ ಮೊದಲೇ ತೀರಿಕೊಂಡಿದ್ದಾರೆ. ಹಕ್ಕುದಾರರು ತಂದೆ, ಮಗ, ಮಗಳು, ಮೂವರೇ ಎಂದುಕೊಳ್ಳಿ. ಆರು ಎಕರೆಯಲ್ಲಿ ತಲಾ ಎರಡು. ತಂದೆ ಉಯಿಲು ಬರೆಯಬಹುದಾದದ್ದು ತಮ್ಮ ಎರಡು ಎಕರೆಗೆ ಮಾತ್ರ. ಮಗಳ ಎರಡು ಎಕರೆ ಮಗಳದ್ದೇ. ಉಯಿಲಿನಲ್ಲಿ ಎಷ್ಟು ಕಠಿಣ ಸಾಲು ಬರೆದರೂ ಅದು ಅಣ್ಣನದಾಗುವುದಿಲ್ಲ.

ಹಾಗಾದರೆ ಸೈಟೂ ಇರಲಿ, ಎರಡು ಎಕರೆಯೂ ಬರಲಿ ಎಂದು ಕೇಳಬಹುದೇ? ಇಲ್ಲೇ ಎಚ್ಚರಿಕೆ ಬೇಕು. ಇದೇ ಕಾಯ್ದೆಯ ಸೆಕ್ಷನ್ 180ರಿಂದ 190ರವರೆಗೆ ಆಯ್ಕೆಯ ನಿಯಮ ಇದೆ. ಉಯಿಲಿನಲ್ಲಿ ನಿಮ್ಮ ಆಸ್ತಿಯನ್ನು ಬೇರೆಯವರಿಗೆ ಬರೆದು, ಅದೇ ಉಯಿಲಿನಲ್ಲಿ ನಿಮಗೂ ಏನಾದರೂ ಕೊಟ್ಟಿದ್ದರೆ, ನೀವು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಉಯಿಲನ್ನು ಒಪ್ಪಿದರೆ ಸೈಟು ನಿಮ್ಮದು, ಜಮೀನಿನ ಪಾಲು ಬಿಟ್ಟಂತೆ. ಒಪ್ಪದಿದ್ದರೆ ಎರಡು ಎಕರೆ ನಿಮ್ಮದು, ಸೈಟನ್ನು ಬಿಟ್ಟುಕೊಡಬೇಕು. ಉಯಿಲಿನ ಸಿಹಿ ಭಾಗ ನನಗೆ, ಕಹಿ ಭಾಗ ಬೇಡ ಎನ್ನಲಾಗದು.

ಗಮನಿಸಿ. ಇದಕ್ಕೆ ಫಾರ್ವರ್ಡ್ ಹೇಳಿದ ಸಾಲು ಬೇಕಾಗಿಯೇ ಇಲ್ಲ. ಅದು ಉಯಿಲಿನಲ್ಲಿ ಇಲ್ಲದಿದ್ದರೂ ಈ ನಿಯಮ ಅನ್ವಯಿಸುತ್ತದೆ. ಇದನ್ನು ಶಿಕ್ಷೆ ಎಂದುಕೊಳ್ಳಬೇಡಿ. ಎರಡರ ಬೆಲೆಯನ್ನೂ ತಿಳಿದು ಆರಿಸಿಕೊಳ್ಳುವ ಹಕ್ಕು ಇದು. ಆದರೆ ಈ ಹಕ್ಕು ಸುಮ್ಮನಿದ್ದರೆ ಕೈಜಾರಬಹುದು. ಭಿನ್ನಾಭಿಪ್ರಾಯ ತೋರಿಸುವ ಯಾವ ಹೆಜ್ಜೆಯನ್ನೂ ಇಡದೆ ಉಯಿಲಿನಿಂದ ಬಂದದ್ದನ್ನು ಎರಡು ವರ್ಷ ಅನುಭವಿಸಿದರೆ, ನಿಮಗೆ ಎಲ್ಲ ತಿಳಿದೇ ಇತ್ತು ಎಂದು ಕಾನೂನು ಭಾವಿಸುತ್ತದೆ. ಅಲ್ಲ ಎಂದು ತೋರಿಸುವ ಹೊಣೆ ನಿಮ್ಮದಾಗುತ್ತದೆ. ತೀರಿಕೊಂಡ ಒಂದು ವರ್ಷದೊಳಗೆ ನೀವು ಏನೂ ಹೇಳದಿದ್ದರೆ, ಆಯ್ಕೆ ಮಾಡಿ ಎಂದು ಉಯಿಲಿನ ಹೊಣೆ ಹೊತ್ತವರು ನಿಮ್ಮನ್ನು ಕೇಳಬೇಕು. ಅದಕ್ಕೂ ತಕ್ಕ ಸಮಯದಲ್ಲಿ ಉತ್ತರಿಸದಿದ್ದರೆ ನೀವು ಉಯಿಲನ್ನು ಒಪ್ಪಿದಂತೆ.

ಇನ್ನೊಂದು ಮಾತು. ತಾತನ ಕಾಲದಿಂದ ಬಂದದ್ದೆಲ್ಲ ಪಿತ್ರಾರ್ಜಿತ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ತಂದೆಗೆ ಅದು ಯಾವಾಗ, ಯಾವ ರೀತಿ ಬಂತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಒಬ್ಬ ಮಗ ತನ್ನ ತಂದೆಯ ಸ್ವಯಾರ್ಜಿತವನ್ನು ವಾರಸುದಾರನಾಗಿ ಪಡೆದಿದ್ದರೆ, ಅದು ಆತನ ಸ್ವಂತ ಆಸ್ತಿ ಎಂದೇ ಪರಿಗಣನೆಯಾಗುತ್ತದೆ. ಆದ್ದರಿಂದ ಪಹಣಿ, ಹಳೆಯ ವಿಭಾಗ ಪತ್ರ, ಕ್ರಯಪತ್ರ ನೋಡದೆ ಸೈಟು ಬೇಕೋ ಜಮೀನು ಬೇಕೋ ಎಂದು ತೀರ್ಮಾನಿಸಬೇಡಿ.

ಉಯಿಲಿನಲ್ಲಿ ಹೆಸರಿರುವವರ ಹಕ್ಕುಗಳು

ಈಗ ಕಾಪಿಯ ಪ್ರಶ್ನೆ. ಕೇಳಬಹುದೇ? ಖಂಡಿತ ಕೇಳಬಹುದು. ಷರತ್ತು ಹೇಳುವುದು ಉಯಿಲನ್ನು ಪ್ರಶ್ನಿಸಿ ಕೋರ್ಟಿಗೆ ಹೋಗುವುದರ ಬಗ್ಗೆ. ಓದುವುದು ಪ್ರಶ್ನಿಸುವುದಲ್ಲ.

- ಕಾಪಿ: ಉಯಿಲು ನೋಂದಣಿ ಆಗಿದ್ದರೆ ಅಣ್ಣನನ್ನು ಕೇಳಲೇಬೇಕೆಂದಿಲ್ಲ. ಬರೆದವರು ಬದುಕಿರುವಾಗ ಅದರ ನಕಲು ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ಸಿಗುತ್ತದೆ. ಅವರು ತೀರಿಕೊಂಡ ಮೇಲೆ, 1908ರ ನೋಂದಣಿ ಕಾಯ್ದೆಯ ಸೆಕ್ಷನ್ 57ರಡಿ ಯಾರು ಅರ್ಜಿ ಹಾಕಿದರೂ ಸಿಗುತ್ತದೆ. ಮರಣ ಪ್ರಮಾಣಪತ್ರದೊಂದಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ದೃಢೀಕೃತ ನಕಲಿಗೆ ಅರ್ಜಿ ಕೊಡಿ.

- ಲೆಕ್ಕ: ಕೋರ್ಟಿನಿಂದ ಪ್ರೊಬೇಟ್ ಪಡೆದ ಎಕ್ಸಿಕ್ಯೂಟರ್, ಅಂದರೆ ಉಯಿಲನ್ನು ಜಾರಿ ಮಾಡುವ ಹೊಣೆ ಹೊತ್ತವರು, ಆರು ತಿಂಗಳೊಳಗೆ ಆಸ್ತಿ-ಸಾಲಗಳ ಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ಕೋರ್ಟಿಗೆ ಒಪ್ಪಿಸಬೇಕು. ಲೆಕ್ಕ ಕೇಳುವುದು ಉಯಿಲನ್ನು ಪ್ರಶ್ನಿಸಿದಂತಲ್ಲ, ಅದನ್ನು ಸರಿಯಾಗಿ ನಡೆಸಿ ಎಂದಂತೆ.

- ಪಾಲು ಕೈಗೆ ಬರುವುದು: ಉಯಿಲಿನ ಪ್ರಕಾರ ಕೊಡಬೇಕಾದದ್ದನ್ನು ಕೊಡಲು ಎಕ್ಸಿಕ್ಯೂಟರ್‌ಗೆ ಒಂದು ವರ್ಷದ ಸಮಯ ಇದೆ. ಅದಕ್ಕೂ ಮೊದಲು ಕೊಡಿ ಎಂದು ಒತ್ತಾಯಿಸಲಾಗದು. ವರ್ಷ ಕಳೆದ ಮೇಲೆ ಕೇಳಬಹುದು.

- ಕೇವಿಯಟ್: ಅಣ್ಣ ಪ್ರೊಬೇಟ್‌ಗೆ ಅರ್ಜಿ ಹಾಕಬಹುದು ಎನಿಸಿದರೆ ಮೊದಲೇ ಕೋರ್ಟಿನಲ್ಲಿ ಕೇವಿಯಟ್ ಸಲ್ಲಿಸಬಹುದು. ನಿಮಗೆ ತಿಳಿಸದೆ ಮುಂದಿನ ಹೆಜ್ಜೆ ಇಡದಂತೆ ಅದು ತಡೆಯುತ್ತದೆ. ಉಯಿಲು ಸುಳ್ಳು ಎಂದು ಹೇಳುವಂತಿದ್ದರೆ ಅದನ್ನು ಆಗ ಕಾರಣ ಸಹಿತ ಹೇಳಬೇಕಾಗುತ್ತದೆ.

- ಎಕ್ಸಿಕ್ಯೂಟರ್ ಬದಲಾವಣೆ: ಹೊಣೆ ಹೊತ್ತವರೇ ಆಸ್ತಿ ಕರಗಿಸುತ್ತಿದ್ದರೆ ಅವರನ್ನು ತೆಗೆದುಹಾಕಲು ಹೈಕೋರ್ಟಿಗೆ ಅಧಿಕಾರವಿದೆ.

- ಖಾತೆ ಬದಲಾವಣೆ: ಉಯಿಲಿನ ಆಧಾರದಲ್ಲಿ ಖಾತೆ ಮಾಡಿಸಲು ಹೊರಟರೆ ತಕರಾರು ಅರ್ಜಿ ಕೊಡಬಹುದು. ಖಾತೆ ಬದಲಾಗಿಬಿಟ್ಟರೂ ಎದೆಗುಂದಬೇಡಿ. ಖಾತೆ ಕಂದಾಯದ ದಾಖಲೆ, ಅದೊಂದರಿಂದಲೇ ಯಾರೂ ಮಾಲೀಕರಾಗುವುದಿಲ್ಲ.

ಉಯಿಲಿಗಿಂತ ಹೆಚ್ಚು ಎಚ್ಚರ ಬೇಕಾದ ಕಾಗದ

ಇಂಥ ಸಂದರ್ಭಗಳಲ್ಲಿ ನಿಜಕ್ಕೂ ಹಕ್ಕು ಕಳೆಯುವುದು ಹೆಚ್ಚಾಗಿ ಬೇರೆ ಕಾಗದದಿಂದ. ಅದು ಹಕ್ಕು ಬಿಡುಗಡೆ ಪತ್ರ. "ಸುಮ್ಮನೆ ಒಂದು ಸಹಿ, ಖಾತೆ ಮಾಡಿಸಲು ಬೇಕು" ಎಂದು ಹೇಳಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಾರೆ. ದುಃಖದ ಮನೆ, ಅಣ್ಣನ ಮಾತು, ತವರಿನ ಋಣ. ಓದದೆ ಸಹಿ ಬೀಳುತ್ತದೆ.

ಉಯಿಲಿನ ಷರತ್ತು ಅಪ್ಪ ಬರೆದದ್ದು, ಅದನ್ನು ನ್ಯಾಯಾಲಯ ತೂಗಿ ನೋಡುತ್ತದೆ. ಬಿಡುಗಡೆ ಪತ್ರ ನೀವೇ ಸಹಿ ಹಾಕಿ ನೋಂದಣಿ ಮಾಡಿಸಿದ್ದು. ಮೋಸ ಆಗಿದೆ ಎಂದು ಆಮೇಲೆ ತೋರಿಸುವುದು ಬಹಳ ಕಷ್ಟ, ಅದಕ್ಕೆ ಕಾಲಮಿತಿಯೂ ಇದೆ. ಓದದ ಕಾಗದಕ್ಕೆ, ಖಾಲಿ ಕಾಗದಕ್ಕೆ, ಇವತ್ತೇ ಆಗಬೇಕು ಎಂದು ಅವಸರಿಸುವ ಕಾಗದಕ್ಕೆ ಸಹಿ ಹಾಕಬೇಡಿ. ಮನೆಗೆ ತೆಗೆದುಕೊಂಡು ಹೋಗಿ ಓದುತ್ತೇನೆ ಎಂದರೆ ಯಾರಿಗೂ ಅವಮಾನ ಮಾಡಿದಂತಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಿ, ಅಥವಾ 15100ಕ್ಕೆ ಕರೆ ಮಾಡಿ.

ನೀವು ಉಯಿಲು ಬರೆಯುವವರಾದರೆ

ಈ ಫಾರ್ವರ್ಡನ್ನು ಹಂಚುವ ಹಿರಿಯರೆಲ್ಲ ಕೆಟ್ಟ ಉದ್ದೇಶದವರಲ್ಲ. ತಮ್ಮ ನಂತರ ಮಕ್ಕಳು ಕಿತ್ತಾಡಬಾರದು ಎಂಬುದು ನ್ಯಾಯವಾದ ಆಸೆ. ಅದಕ್ಕೆ ಬೆದರಿಕೆಯ ಸಾಲಿಗಿಂತ ಗಟ್ಟಿಯಾದ ದಾರಿಗಳಿವೆ.

ನಿಮ್ಮದಾದದ್ದನ್ನು ಮಾತ್ರ ಬರೆಯಿರಿ. ಯಾವುದು ಸ್ವಯಾರ್ಜಿತ, ಯಾವುದು ಪಿತ್ರಾರ್ಜಿತದಲ್ಲಿ ನಿಮ್ಮ ಪಾಲು ಎಂದು ಬೇರೆ ಬೇರೆಯಾಗಿ ನಮೂದಿಸಿ. ಒಬ್ಬರಿಗೆ ಕಡಿಮೆ ಕೊಡುತ್ತಿದ್ದರೆ ಕಾರಣವನ್ನು ಎರಡು ಸಾಲಿನಲ್ಲಿ ಬರೆಯಿರಿ. ನಿಮಗಿಂತ ಕಿರಿಯರಾದ, ಉಯಿಲಿನಿಂದ ಲಾಭವಿಲ್ಲದ ಇಬ್ಬರನ್ನು ಸಾಕ್ಷಿ ಮಾಡಿ. ಒಬ್ಬರು ವೈದ್ಯರಾದರೆ ಇನ್ನೂ ಒಳ್ಳೆಯದು. ಆಸ್ತಿ ಪಡೆಯುವ ಮಗ ಅಥವಾ ಮಗಳು ಆ ದಿನ ಪಕ್ಕದಲ್ಲಿ ನಿಂತಿರುವುದು ಬೇಡ. ಬಿಳಿ ಹಾಳೆಯಲ್ಲಿ ಬರೆದರೂ ಸಾಕು, ಛಾಪಾ ಕಾಗದ ಬೇಡ, ಆದರೆ ನೋಂದಣಿ ಮಾಡಿಸಿ. ಬದುಕಿರುವವರೆಗೆ ಯಾವಾಗ ಬೇಕಾದರೂ ಬದಲಿಸಬಹುದು.

ಎಲ್ಲಕ್ಕಿಂತ ಮುಖ್ಯವಾಗಿ, ಆಗುವುದಾದರೆ ಬದುಕಿರುವಾಗಲೇ ಮಕ್ಕಳನ್ನು ಕೂರಿಸಿ ಹೇಳಿ. ಅಪ್ಪನ ಬಾಯಿಂದ ಕೇಳಿದ ಕಹಿ ಮಾತನ್ನು ಮಕ್ಕಳು ಅರಗಿಸಿಕೊಳ್ಳುತ್ತಾರೆ. ಸಮಾರಾಧನೆಯ ದಿನ ಬೇರೆಯವರ ಬಾಯಿಂದ ಕೇಳಿದರೆ ಅನುಮಾನ ಹುಟ್ಟುತ್ತದೆ.

ಓದುಗರು ಏನು ಮಾಡಿದರು?

ಅವರು ಮರಣ ಪ್ರಮಾಣಪತ್ರ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನಕಲು ಪಡೆದಿದ್ದಾರೆ. ಈಗ ಜಮೀನಿನ ಹಳೆಯ ದಾಖಲೆಗಳನ್ನು ತೆಗೆಸುತ್ತಿದ್ದಾರೆ. ಕೋರ್ಟಿಗೆ ಹೋಗುವುದೋ ಬಿಡುವುದೋ ಅವರಿಗೇ ಇನ್ನೂ ಗೊತ್ತಿಲ್ಲ. ಆದರೆ ಅಪ್ಪನ ಸಹಿಯನ್ನು ಅವರು ನೋಡಿದ್ದಾರೆ. "ಸಹಿ ಅಪ್ಪನದೇ ಅನ್ನಿಸಿತು, ಅದನ್ನು ನೋಡಿ ಸ್ವಲ್ಪ ಸಮಾಧಾನವೂ ಆಯಿತು" ಎಂದು ಬರೆದರು. ಇನ್ನು ಮುಂದೆ ಅವರು ಏನೇ ತೀರ್ಮಾನ ಮಾಡಿದರೂ ಹೆದರಿ ಮಾಡುವುದಿಲ್ಲ, ತಿಳಿದು ಮಾಡುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ

ಸಂದೇಶ ಹೇಳಿದ್ದು: ಉಯಿಲಿನಲ್ಲಿ ಒಂದು ಸಾಲು ಬರೆದರೆ ಯಾರೂ ಕೋರ್ಟಿಗೆ ಹೋಗುವಂತಿಲ್ಲ.

ನಾವು ಕಂಡದ್ದು: ದಾರಿ ತಪ್ಪಿಸುವ ಸಂದೇಶ. ಷರತ್ತಿನ ಮೇಲೆ ಆಸ್ತಿ ಕೊಡಬಹುದು, ಆದರೆ ಕೋರ್ಟಿನ ಬಾಗಿಲು ಮುಚ್ಚಲಾಗದು. ನಕಲಿ ಅಥವಾ ಒತ್ತಾಯದ ಉಯಿಲನ್ನು, ಬೇರೆಯವರ ಪಾಲನ್ನು, ಅವಲಂಬಿತರ ಜೀವನಾಂಶವನ್ನು ಆ ಸಾಲು ಮುಟ್ಟಲಾರದು. ಕಾಪಿ ಮತ್ತು ಲೆಕ್ಕ ಕೇಳುವುದು ತಕರಾರಲ್ಲ. ಉಯಿಲಿನಿಂದ ಬಂದದ್ದನ್ನು ಇಟ್ಟುಕೊಂಡು ಅದೇ ಉಯಿಲು ಬೇರೆಯವರಿಗೆ ಬರೆದ ನಿಮ್ಮ ಪಾಲನ್ನೂ ಕೇಳಲಾಗದು, ಅಲ್ಲಿ ಆಯ್ಕೆ ಮಾಡಬೇಕು.

ನಿಮ್ಮ ಮನೆಯ ಗ್ರೂಪಿಗೆ ಆ ಫಾರ್ವರ್ಡ್ ಬಂದಿದ್ದರೆ, ಅದರ ಕೆಳಗೆ ಇದನ್ನೂ ಹಾಕಿ. ಅದನ್ನು ಓದಿ ಸುಮ್ಮನಾದ ಒಬ್ಬ ತಂಗಿ ಆ ಗ್ರೂಪಿನಲ್ಲಿ ಇರಬಹುದು.